ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ: ಮನೇಲಿ ಎಚಿಂಗ್ ಮಾಡೋಕೆ ಯಾವುದಕ್ಕೆ ಯಾವ ದ್ರಾವಣ

ನಮ್ಮ ಮನೆ ಬಾಲ್ಕನಿ ಟೈಲ್ಸ್ ಮೇಲೆ ಒಂದು ಕಂದು ಕಲೆ ಇದೆ, ಎಷ್ಟು ಉಜ್ಜಿದ್ರೂ ಹೋಗಿಲ್ಲ. ತಾಮ್ರದ ತಗಡಿನ ಮೇಲೆ ಫೆರಿಕ್ ಕ್ಲೋರೈಡ್‌ನಲ್ಲಿ ಒಂದು ಹಂಸದ ಡಿಸೈನ್ ತೆಗೆದಿದ್ದೆ, ಚೆನ್ನಾಗೇ ಬಂದಿತ್ತು, ಆ ಖುಷೀಲಿ ಅದೇ ಟ್ರೇಗೆ ಒಂದು ಅಲ್ಯೂಮಿನಿಯಂ ತುಂಡನ್ನೂ ಇಳಿಸಿಬಿಟ್ಟೆ, ಎರಡು ನಿಮಿಷ ಆಗಿತ್ತೋ ಇಲ್ವೋ ಹಾಲು ಉಕ್ಕಿದ ಹಾಗೆ ನೊರೆ ಉಕ್ಕಿ ಬಂತು, ಟ್ರೇ ಮುಟ್ಟೋಕೆ ಆಗದಷ್ಟು ಬಿಸಿ, ಹೊಗೆ ಬೇರೆ. ಕನ್ನಡಕ ಹಾಕ್ಕೊಂಡಿದ್ದರಿಂದ ಕಣ್ಣು ಉಳೀತು. ಎಚಿಂಗ್ ಅಂದ್ರೆ ಇಷ್ಟೇ, ತಗಡಿನ ಮೇಲೆ ಒಂದಿಷ್ಟು ಜಾಗ ಮುಚ್ಚಿ (ಆ ಹೊದಿಕೆಗೆ ಮಾಸ್ಕ್ ಅಂತಾರೆ), ತೆರೆದಿರೋ ಜಾಗವನ್ನ ದ್ರಾವಣದಿಂದ ತಿನ್ನಿಸಿ ಡಿಸೈನ್ ಮೂಡಿಸೋದು. ಆವತ್ತಿಂದ ಯಾರೇ "ಎಚಿಂಗ್‌ಗೆ ಯಾವ ಕೆಮಿಕಲ್ ತಗೊಳ್ಲಿ" ಅಂತ ಕೇಳಿದ್ರೂ ನಾನು ಮೊದ್ಲು ತಿರುಗಿ ಕೇಳೋದು "ತಗಡು ಯಾವುದು?" ಅಂತ. ಲೋಹ ಯಾವುದು ಅಂತ ಖಾತ್ರಿಯಾದ್ರೆ ದ್ರಾವಣ ಯಾವುದು ಅನ್ನೋದು ಅರ್ಧಕ್ಕರ್ಧ ತಾನೇ ತೀರ್ಮಾನ ಆಗಿರುತ್ತೆ.

ಲೋಹ ಗುರುತು ಹಿಡಿಯೋದು ಹೀಗೆ. ಮೊದ್ಲು ಒಂದು ಮ್ಯಾಗ್ನೆಟ್ ಇಟ್ಟು ನೋಡಿ. ಹಿತ್ತಾಳೆ ಅಂತ ಕೊಟ್ಟಿದ್ದಕ್ಕೆ ಮ್ಯಾಗ್ನೆಟ್ ಅಂಟಿದ್ರೆ ಅದು ಕಬ್ಬಿಣದ ಮೇಲೆ ಹಿತ್ತಾಳೆ ಪಾಲಿಶ್ ಅಷ್ಟೇ, ಅಲಂಕಾರದ ಸಾಮಾನುಗಳಲ್ಲಿ ಇದು ತುಂಬಾ ಸಾಮಾನ್ಯ, ಎಚಿಂಗ್ ಮಾಡಿದ್ರೆ ಮೇಲಿನ ತೆಳು ಪದರ ಹೋಗಿ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ಅಂಟದೇ ಇದ್ರೆ ಮೂಲೇಲಿ ಕಾಣದ ಕಡೆ ಸ್ವಲ್ಪ ಉಜ್ಜಿ ಒಳಗಡೆ ಅದೇ ಬಣ್ಣ ಇದೆಯಾ ನೋಡಿ. ಹೊಸ ಹಿತ್ತಾಳೆ ಸಾಮಾನಿನ ಮೇಲೆ ಹೊಳಪು ಉಳೀಲಿ ಅಂತ ಲ್ಯಾಕರ್ ಬಳಿದಿರ್ತಾರೆ, ಅದನ್ನ ಥಿನ್ನರ್‌ನಿಂದ ಒರೆಸಿ ತೆಗೀದಿದ್ರೆ ಯಾವ ದ್ರಾವಣಾನೂ ಕೆಲಸ ಮಾಡಲ್ಲ. ಬಣ್ಣದ ಅಲ್ಯೂಮಿನಿಯಂ ಆದ್ರೆ ಸಾಮಾನ್ಯವಾಗಿ ಅನೋಡೈಸ್ ಆಗಿರುತ್ತೆ, ಅಂದ್ರೆ ಕರೆಂಟ್ ಕೊಟ್ಟು ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿರ್ತಾರೆ, ಆ ಪದರಾನೂ ಹಾಗೇ ಅಡ್ಡ ನಿಲ್ಲುತ್ತೆ. ಶುರು ಮಾಡೋರು 0.8 ಮಿ.ಮೀ. ಆಸುಪಾಸಿನ ಚಪ್ಪಟೆ ತಗಡು ತಗೊಳ್ಳಿ, ಲೋಟ ಚೊಂಬು ಎಲ್ಲಾ ಆಮೇಲೆ. ಊಟದ ಪಾತ್ರೆ ಮೇಲೆ ಮಾಡೋದಾದ್ರೆ ಹೊರಗಡೆ ಮಾತ್ರ, ಆಹಾರ ತಾಗೋ ಜಾಗದಲ್ಲಿ ಬೇಡವೇ ಬೇಡ.

ಅಲ್ಯೂಮಿನಿಯಂ, ಸತು, ಸಾದಾ ಕಬ್ಬಿಣ ಅಂದ್ರೆ ಮೈಲುತುತ್ತ ಮತ್ತು ಉಪ್ಪು

ಮೊದಲ ಸಲ ಕೈ ಹಾಕೋರಿಗೆ ನಾನು ಹೇಳೋದು ಇದನ್ನೇ. ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್, ಗೊಬ್ಬರದ ಅಂಗಡೀಲಿ ಸಿಗುತ್ತೆ. ಮಲೆನಾಡಿನವರಿಗೆ ಇದನ್ನ ಪರಿಚಯ ಮಾಡಿಕೊಡೋ ಅಗತ್ಯಾನೇ ಇಲ್ಲ, ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆಗಾಲದಲ್ಲಿ ಹೊಡೆಯೋ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ ಅನ್ನೋ ಲೆಕ್ಕ ತೋಟ ಇರೋ ಮನೇಲಿ ಮಕ್ಕಳಿಗೂ ಗೊತ್ತಿರುತ್ತೆ. ಆ ದ್ರಾವಣ ಸರಿಯಾಗಿದೆಯಾ ಅಂತ ನೋಡೋಕೆ ಒಂದು ಕತ್ತಿ ಅಲಗು ಅದ್ದಿ ತೆಗೀತಾರೆ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ರೆ ಸುಣ್ಣ ಸಾಲದು ಅಂತ ಅರ್ಥ. ಎಚಿಂಗ್‌ನಲ್ಲಿ ನಡೆಯೋದೂ ಅದೇ ಕಣ್ರೀ. ಕಬ್ಬಿಣ ಸ್ವಲ್ಪ ಕರಗಿ ದ್ರಾವಣಕ್ಕೆ ಹೋಗುತ್ತೆ, ದ್ರಾವಣದಲ್ಲಿದ್ದ ತಾಮ್ರ ಹೊರಗೆ ಬಂದು ಕೂರುತ್ತೆ. ತೋಟದಲ್ಲಿ ಅದು ಬೇಡ ಅಂತ ಸುಣ್ಣ ಹಾಕ್ತೀವಿ, ಇಲ್ಲಿ ಅದೇ ಬೇಕು ಅಂತ ಸುಣ್ಣದ ಬದಲು ಉಪ್ಪು ಹಾಕ್ತೀವಿ.

ಬೀದರ್‌ನ ಬಿದ್ರಿ ಕೆಲಸದಲ್ಲೂ ಇದೇ ಮೈಲುತುತ್ತ ಬರುತ್ತೆ. ಬಿದ್ರಿ ಎಚಿಂಗ್ ಅಲ್ಲ, ಉಳೀಲಿ ಕೆತ್ತಿ ಬೆಳ್ಳಿ ಕೂರಿಸೋದು, ಆದ್ರೆ ಕೆತ್ತೋಕೆ ಮುಂಚೆ ಸತುವೇ ಹೆಚ್ಚಿರೋ ಆ ಮಿಶ್ರಲೋಹದ ಮೇಲೆ ಮೈಲುತುತ್ತದ ನೀರು ಉಜ್ಜಿ ಕಪ್ಪು ಮಾಡ್ಕೋತಾರೆ, ಆಗ ಮೊನೆಯಿಂದ ಗೀಚಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತೆ. ಸತುವಿನ ಮೇಲೆ ತಾಮ್ರ ಪುಡಿಯಾಗಿ ಕೂರೋದ್ರಿಂದ ಬರೋ ಕಪ್ಪು ಅದು, ಅಂದ್ರೆ ನಾವು ಟ್ರೇನಲ್ಲಿ ಮಾಡೋದರ ಮೊದಲ ಕ್ಷಣ. ಇದು ಗೊತ್ತಾದ ಮೇಲೆ ಆ ನೀಲಿ ಹರಳಿನ ಮೇಲೆ ನನಗಿರೋ ಪ್ರೀತಿ ಇನ್ನೂ ಜಾಸ್ತಿಯಾಯ್ತು.

ಅಳತೆ ಸುಲಭ. 1 ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಉಪ್ಪು. ನೀಲಿ ಬಣ್ಣ ಹಸಿರಿಗೆ ತಿರುಗುತ್ತೆ. ಬರೀ ಮೈಲುತುತ್ತ ಹಾಕಿದ್ರೆ ಅಲ್ಯೂಮಿನಿಯಂಗೆ ಹೆಚ್ಚೇನೂ ಆಗಲ್ಲ, ಯಾಕಂದ್ರೆ ಅದರ ಮೇಲೆ ಗಾಳಿಗೇ ಕೂತಿರೋ ಆಕ್ಸೈಡ್ ಪದರ ಇರುತ್ತೆ, ಅದನ್ನ ಒಡೆಯೋದು ಉಪ್ಪಿನಲ್ಲಿರೋ ಕ್ಲೋರೈಡ್. ತಗಡು ಇಳಿಸಿದ ತಕ್ಷಣ ಗುಳ್ಳೆ ಏಳುತ್ತೆ, ಕೆಂಪಗೆ ಪಾಚಿ ತರಹ ತಾಮ್ರ ಕಟ್ಕೊಳ್ಳುತ್ತೆ, ಅದನ್ನ ಮೆತ್ತನೆ ಬ್ರಶ್‌ನಿಂದ ಆಗಾಗ ತಳ್ಳುತ್ತಾ ಇರಬೇಕು, ತಳ್ಳದಿದ್ರೆ ಅಡಿಯಲ್ಲಿ ಒಂದೊಂದು ಕಡೆ ಒಂದೊಂದು ಆಳ ಬರುತ್ತೆ. ಇಲ್ಲೂ ಬಿಸಿಯಾಗುತ್ತೆ, ಬರೋ ಗ್ಯಾಸ್ ಹೈಡ್ರೋಜನ್, ಹಾಗಾಗಿ ಕಿಟಕಿ ತೆಗೆದಿರಬೇಕು, ಹತ್ತಿರ ದೀಪ ಒಲೆ ಏನೂ ಇರಬಾರದು. ಜಾಸ್ತಿ ಬಿಸಿಯಾಯ್ತು ಅನ್ನಿಸಿದ್ರೆ ಪ್ಲಾಸ್ಟಿಕ್ ಚಿಮಟದಲ್ಲಿ ತಗಡು ಎತ್ತಿ ಆರೋಕೆ ಬಿಡಿ. ನನಗೆ ಅಲ್ಯೂಮಿನಿಯಂನಲ್ಲಿ ಬೆರಳಿಗೆ ಸಿಗೋವಷ್ಟು ಆಳ ಬರೋಕೆ ಹದಿನೈದು ಇಪ್ಪತ್ತು ನಿಮಿಷ ಸಾಕಾಗುತ್ತೆ. ದ್ರಾವಣದ ಬಣ್ಣ ಪೂರ್ತಿ ಹೋದ್ರೆ ಅದರ ಶಕ್ತಿ ಮುಗೀತು ಅಂತ ತಿಳ್ಕೊಳ್ಳಿ.

ಇದರ ಕೊರತೆ ಅಂದ್ರೆ ತಾಮ್ರಕ್ಕೆ ಹಿತ್ತಾಳೆಗೆ ಇದು ನಡಿಯಲ್ಲ, ತಾಮ್ರದ ದ್ರಾವಣ ತಾಮ್ರವನ್ನ ಹೇಗೆ ತಳ್ಳುತ್ತೆ ಹೇಳಿ. ಇನ್ನೊಂದು, ತಿಂದ ಜಾಗ ಮರಳು ಮರಳಾಗಿ ಬರುತ್ತೆ, ನುಣುಪಾಗಿರಲ್ಲ. ನೇಮ್ ಪ್ಲೇಟ್‌ಗೆ ಅದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಆ ಒರಟಿನಲ್ಲಿ ಕಪ್ಪು ಪೇಂಟ್ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ.

ತಾಮ್ರ ಹಿತ್ತಾಳೆ ಅಂದ್ರೆ ಫೆರಿಕ್ ಕ್ಲೋರೈಡ್

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ಪಿಸಿಬಿ, ಅಂದ್ರೆ ಸರ್ಕ್ಯೂಟ್ ಬೋರ್ಡ್ ಮಾಡೋ ಕೆಮಿಕಲ್ ಅಂತ ಗೊತ್ತು, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತೆ. ಸಣ್ಣ ಗೆರೆ, ಚೂಪಾದ ಅಂಚು ಬೇಕು ಅಂದ್ರೆ ಮನೇಲಿ ಮಾಡೋ ಸುಲಭದ ದಾರಿಗಳಲ್ಲಿ ಇದನ್ನ ಮೀರಿಸೋದು ಕಷ್ಟ. 1 ಲೀಟರ್ ನೀರಿಗೆ 400ರಿಂದ 500 ಗ್ರಾಂ. ನೀರಿಗೆ ಪುಡೀನ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಪುಡಿ ಮೇಲೆ ನೀರು ಸುರಿಯಬಾರದು, ಕರಗುವಾಗ ಬಿಸಿಯಾಗುತ್ತೆ, ಹೈಡ್ರೋಕ್ಲೋರಿಕ್ ಆಸಿಡ್‌ನ ಘಾಟು ಬರುತ್ತೆ. ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆ ಮಾತ್ರ, ಸ್ಟೀಲ್ ಡಬ್ಬಿ ಬೇಡ, ಸ್ಟೀಲ್ ಸಿಂಕ್ ಹತ್ತಿರಾನೂ ಬೇಡ.

ತಗಡನ್ನ ಟ್ರೇನಲ್ಲಿ ಮೇಲ್ಮುಖವಾಗಿ ಮಲಗಿಸಿದ್ರೆ ಕರಗಿ ಬಂದ ಗಸಿ ಗೆರೆಗಳ ಒಳಗೇ ಕೂತು ಕೆಲಸ ನಿಲ್ಲಿಸಿಬಿಡುತ್ತೆ. ಅದಕ್ಕೇ ಹಿಂದೆ ಟೇಪ್ ಅಂಟಿಸಿ ಡಿಸೈನ್ ಕೆಳಮುಖ ಮಾಡಿ ತೇಲಿಸ್ತಾರೆ, ನಾನು ಥರ್ಮಾಕೋಲ್ ತುಂಡಿಗೆ ಡಬಲ್ ಟೇಪ್‌ನಲ್ಲಿ ಅಂಟಿಸಿ ತೇಲಿಸ್ತೀನಿ. ಇನ್ನೊಂದು ಉಪಾಯ ಸಿಟ್ರಿಕ್ ಆಸಿಡ್ ಸೇರಿಸೋದು. ಇದಕ್ಕೆ ಎಡಿನ್‌ಬರ್ಗ್ ಎಚ್ ಅಂತ ಹೆಸರು, 1990ರ ದಶಕದಲ್ಲಿ ಫ್ರೀಡ್‌ಹಾರ್ಡ್ ಕೀಕೆಬೆನ್ ಅನ್ನೋ ಪ್ರಿಂಟ್‌ಮೇಕರ್ (ತಗಡಿನಿಂದ ಚಿತ್ರ ಅಚ್ಚು ಹಾಕೋ ಕಲಾವಿದ) ಸ್ಕಾಟ್ಲೆಂಡ್‌ನಲ್ಲಿ ರೂಢಿಗೆ ತಂದಿದ್ದು. ಮೂರು ಪಾಲು ನೀರಿಗೆ ಒಂದು ಪಾಲು ಸಿಟ್ರಿಕ್ ಪುಡಿ ಕರಗಿಸಿ, ಆ ನೀರನ್ನ ಒಂದು ಪಾಲಿನಷ್ಟು, ಗಟ್ಟಿ ಫೆರಿಕ್ ದ್ರಾವಣ ನಾಲ್ಕು ಪಾಲಿಗೆ ಬೆರೆಸೋದು. ಗಸಿ ಕರಗಿ ಹೋಗುತ್ತೆ, ತಗಡು ಮೇಲ್ಮುಖವಾಗೇ ಇಡಬಹುದು, ವೇಗಾನೂ ಜಾಸ್ತಿ. ಹಿತ್ತಾಳೆ ಕೆಲಸ ಪದೇ ಪದೇ ಮಾಡೋರು ಈ ಮಿಶ್ರಣಕ್ಕೇ ಹೋಗಿ, ಸಿಟ್ರಿಕ್ ಪುಡಿ ಬೇಕರಿ ಸಾಮಾನಿನ ಅಂಗಡೀಲಿ ಸಿಗುತ್ತೆ.

ಟ್ರೇನ ಬಿಸಿನೀರಿನ ಬೇಸಿನ್ ಒಳಗೆ ಕೂರಿಸಿ 40 ಡಿಗ್ರಿ ಹತ್ತಿರ ಇಟ್ರೆ ಕೆಲಸ ಬೇಗ ಆಗುತ್ತೆ. ಒಲೆ ಮೇಲೆ ಇಡಬೇಡಿ. ಹೊಸ ದ್ರಾವಣದಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಅಂದ್ಕೊಳ್ಳಿ, ಹಳೇದಾದ ಹಾಗೆ ಇನ್ನೂ ಜಾಸ್ತಿ. ಸ್ಟೇನ್‌ಲೆಸ್ ಸ್ಟೀಲನ್ನೂ ಇದು ತಿನ್ನುತ್ತೆ ಆದ್ರೆ ನಿಧಾನ. ಫೆರಿಕ್‌ನ ದೊಡ್ಡ ತೊಂದ್ರೆ ಕಲೆ. ಬಟ್ಟೆ, ಗ್ರಾನೈಟ್, ಕೈ, ಎಲ್ಲದಕ್ಕೂ ಹಳದಿ ಕಂದು. ಬಾಡಿಗೆ ಮನೇಲಿರೋರು ಇದೊಂದನ್ನ ಯೋಚನೆ ಮಾಡಿ, ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳೋಕೆ ಓನರ್‌ಗೆ ಆ ಕಲೆ ಸಾಕು.

ಕರೆಂಟ್‌ನಲ್ಲಿ ಮಾಡೋದು

ತಾಮ್ರಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಟ್ರೇನಲ್ಲಿ ಬರೀ ಮೈಲುತುತ್ತದ ನೀರು, ಉಪ್ಪು ಬೇಡ. ನಿಮ್ಮ ಡಿಸೈನ್ ತಗಡು ಪ್ಲಸ್‌ಗೆ, ಅದೇ ಅಳತೆಯ ಇನ್ನೊಂದು ತಾಮ್ರದ ತಗಡು ಮೈನಸ್‌ಗೆ, ಎರಡೂ ಎದುರು ಬದುರು, ಒಂದಕ್ಕೊಂದು ತಾಗಬಾರದು. ಪ್ಲಸ್ ಕಡೆ ತಾಮ್ರ ಕರಗುತ್ತೆ, ಅಷ್ಟೇ ತಾಮ್ರ ಮೈನಸ್ ಕಡೆ ಹೋಗಿ ಕೂರುತ್ತೆ, ನೀರಿನಲ್ಲಿರೋ ಮೈಲುತುತ್ತ ಖರ್ಚೇ ಆಗಲ್ಲ, ಅದೇ ಬಾಟಲಿಯ ನೀರನ್ನ ನಾನು ಸೋಸಿ ಸೋಸಿ ಎಷ್ಟೋ ಸಲ ಬಳಸಿದೀನಿ. ಹೊಗೆ ಇಲ್ಲ, ಘಾಟು ಇಲ್ಲ. ಹೊಸದೇನಲ್ಲ ಇದು, ಇಂಗ್ಲೆಂಡ್‌ನಲ್ಲಿ 1840ರಲ್ಲೇ ಸ್ಪೆನ್ಸರ್ ಮತ್ತು ವಿಲ್ಸನ್ ಅನ್ನೋ ಇಬ್ಬರು ಪೇಟೆಂಟ್ ತಗೊಂಡಿದ್ರು.

ಆಳವನ್ನ ಮೊದಲೇ ಲೆಕ್ಕ ಹಾಕಬಹುದು ಅನ್ನೋದು ಇದರ ಇನ್ನೊಂದು ಸೊಗಸು. 1 ಆಂಪಿಯರ್ ಒಂದು ಗಂಟೆ ಹರಿದ್ರೆ ಸುಮಾರು 1.19 ಗ್ರಾಂ ತಾಮ್ರ ಕರಗುತ್ತೆ. 5 ಸೆಂ.ಮೀ. ಚೌಕದ ತಗಡಿನಲ್ಲಿ ಅರ್ಧ ಭಾಗ ಮಾತ್ರ ತೆರೆದಿದೆ ಅಂದ್ಕೊಳ್ಳಿ, ಗಂಟೆಗೆ 0.1 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಆಳ. ಕರೆಂಟ್ ಅರ್ಧ ಮಾಡಿದ್ರೆ ಸಮಯ ಎರಡರಷ್ಟು, ಅಷ್ಟೇ. ಕರೆಂಟ್ ಸೆಟ್ ಮಾಡೋಕೆ ಬರೋ ಬೆಂಚ್ ಪವರ್ ಸಪ್ಲೈ ಇದ್ರೆ ಉತ್ತಮ, ಇಲ್ದಿದ್ರೆ ಸಣ್ಣ ತುಂಡಿಗೆ 1.5 ವೋಲ್ಟಿನ ದೊಡ್ಡ ಟಾರ್ಚ್ ಸೆಲ್ಲೂ ಆಗುತ್ತೆ, ನಿಧಾನ ಆದ್ರೂ ಅಂಚು ನೀಟಾಗಿ ಬರುತ್ತೆ. ವೋಲ್ಟೇಜ್ ಜಾಸ್ತಿ ಕೊಟ್ಟು ಅವಸರ ಮಾಡಿದ್ರೆ ಮೈನಸ್ ಕಡೆ ತಾಮ್ರ ಪುಡಿ ಪುಡಿಯಾಗಿ ಉದುರುತ್ತೆ. ಗೋಡೆಯ ಪ್ಲಗ್‌ನಿಂದ ನೇರವಾಗಿ ವೈರ್ ಎಳೆಯೋ ಯೋಚನೆ ಸತ್ರೂ ಬೇಡ, ಪ್ರಾಣ ಹೋಗುತ್ತೆ. ತಗಡಿಗೆ ವೈರ್ ಸಿಕ್ಕಿಸಿದ ಜಾಗ ನೀರಿನ ಮೇಲೇ ಇರಲಿ, ಒಳಗೆ ಹೋದ್ರೆ ಡಿಸೈನ್‌ಗಿಂತ ಮೊದ್ಲು ಆ ವೈರೇ ಕರಗಿ ತುಂಡಾಗುತ್ತೆ.

ಉಪ್ಪು ನೀರು ಮತ್ತು ಬ್ಯಾಟರಿ ಸಾಕು ಅಂತ ಹೇಳೋರು ತುಂಬಾ ಜನ. ಸಾದಾ ಕಬ್ಬಿಣದ ಮೇಲೆ, ಚಾಕು ಅಲಗಿನ ಮೇಲೆ ಹೆಸರು ಹಾಕೋಕೆ ಅದು ಪರವಾಗಿಲ್ಲ, 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಅಲಗು, ಮೈನಸ್‌ಗೆ ಉಪ್ಪು ನೀರಲ್ಲಿ ನೆನೆಸಿದ ಹತ್ತಿ, ಹೆಸರು ಕತ್ತರಿಸಿ ಅಲಗಿಗೆ ಅಂಟಿಸಿದ ಸ್ಟಿಕ್ಕರ್ ಮೇಲೆ ಆ ಹತ್ತೀನ ಕೆಲವು ಸೆಕೆಂಡ್ ಒತ್ತಿ ಒತ್ತಿ ತೆಗೆದ್ರೆ ಗುರುತು ಬಿದ್ದಿರುತ್ತೆ. ಆದ್ರೆ ಸ್ಟೇನ್‌ಲೆಸ್ ಸ್ಟೀಲನ್ನ ಉಪ್ಪು ನೀರಿನ ಟ್ರೇನಲ್ಲಿ ಮುಳುಗಿಸಿ ಗಂಟೆಗಟ್ಟಲೆ ಕರೆಂಟ್ ಕೊಡಬೇಡಿ. ಅದರಲ್ಲಿರೋ ಕ್ರೋಮಿಯಂ ನೀರಿಗೆ ಬರುತ್ತೆ, ಅದರ ಒಂದು ರೂಪ ಕ್ಯಾನ್ಸರ್ ತರೋ ಅಂಥದ್ದು, ಜೊತೆಗೆ ಕ್ಲೋರಿನ್ ಘಾಟೂ ಏಳಬಹುದು. ಸ್ಟೀಲ್ ಡಬ್ಬಿ ಮೇಲೆ ಹೆಸರೇ ಬೇಕಾದ್ರೆ ಪಾತ್ರೆ ಅಂಗಡೀಲಿ ಗುರ್ ಅನ್ನೋ ಪೆನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹಾಕ್ಕೊಡ್ತಾರಲ್ಲ, ಅದೇ ಸರಿಯಾದ ದಾರಿ, ಅದಕ್ಕೆ ಕೆಮಿಕಲ್ಲೇ ಬೇಡ.

ವಿನಿಗರ್, ಉಪ್ಪು, ಮೆಡಿಕಲ್ ಶಾಪ್‌ನ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸೋ ಒಂದು ವಿಧಾನ ಇದೆ, ತಾಮ್ರವನ್ನ ತಿನ್ನುತ್ತೆ ನಿಜ, ಆದ್ರೆ ಮಧ್ಯೆ ಮಧ್ಯೆ ಪೆರಾಕ್ಸೈಡ್ ಹಾಕ್ತಾ ಇರಬೇಕು, ಆಳ ಬರಲ್ಲ. ಮಾಡಿದ್ರೂ ಆಗಿಂದಾಗ ಬೆರೆಸಿ, ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಇಟ್ಟರೆ ಗ್ಯಾಸ್ ಕಟ್ಟಿ ಒಡೆಯುತ್ತೆ. ಇನ್ನು ನೈಟ್ರಿಕ್ ಆಸಿಡ್. ಅಕ್ಕಸಾಲಿಗರು ಬಳಸ್ತಾರೆ ಅಂತ ಮನೆಗೆ ತರಬೇಡಿ. ತಾಮ್ರ ಹಾಕಿದ ಕೂಡಲೇ ಏಳೋ ಕಂದು ಹೊಗೆ ಶ್ವಾಸಕೋಶ ಸುಡುತ್ತೆ, ಎಷ್ಟೋ ಸಲ ಆವಾಗ ಏನೂ ಅನ್ನಿಸಲ್ಲ, ಗಂಟೆಗಳು ಕಳೆದ ಮೇಲೆ ಉಸಿರು ಕಟ್ಟುತ್ತೆ. ಆಸಿಡ್ ದಾಳಿಗಳ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಮೇಲೆ ಆಸಿಡ್ ಮಾರೋರು ಕೊಳ್ಳೋರ ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರ್ಕೋಬೇಕು, 18 ವರ್ಷ ಆಗದವರಿಗೆ ಮಾರೋ ಹಾಗಿಲ್ಲ. ಕೇಳಿದ ತಕ್ಷಣ ಕೊಡೋ ಅಂಗಡಿ ಇದೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೆ ಹೋಗಬೇಡಿ.

ಮಾಸ್ಕ್: ಕೆಲಸ ಕೆಡೋದೆಲ್ಲ ಇಲ್ಲೇ

ದ್ರಾವಣದ ಬಗ್ಗೆ ಎಷ್ಟು ಓದಿದ್ರೂ ಕೊನೆಗೆ ಡಿಸೈನ್ ಹಾಳಾಗೋದು ಮೇಲೆ ಹಚ್ಚಿದ ಮಾಸ್ಕ್ ಬಿಟ್ಟುಕೊಂಡು. ಅದು ಬಿಟ್ಟುಕೊಳ್ಳೋಕೆ ಮುಖ್ಯ ಕಾರಣ ತಗಡಿನ ಮೇಲಿರೋ ಜಿಡ್ಡು. ತಾಮ್ರ ಹಿತ್ತಾಳೆ ಆದ್ರೆ ಹುಣಸೆಹಣ್ಣಿನಲ್ಲಿ ಉಜ್ಜಿ, ಆಮೇಲೆ 400 ನಂಬರಿನ ವಾಟರ್ ಪೇಪರ್‌ನಲ್ಲಿ ಒಂದು ಸುತ್ತು, ಆಮೇಲೆ ಪಾತ್ರೆ ಸೋಪು. ಕೊನೆಗೆ ನೀರು ಸುರಿದು ನೋಡಿ, ನೀರು ಹಾಳೆ ತರಹ ಸಮವಾಗಿ ಹರಡಿದ್ರೆ ಸರಿ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ಓಡಿದ್ರೆ ಇನ್ನೂ ಜಿಡ್ಡಿದೆ. ಆಮೇಲೆ ಬೆರಳು ತಾಗಿಸಬೇಡಿ, ಅಂಚು ಹಿಡೀರಿ.

ಕೈಯಲ್ಲಿ ಬಿಡಿಸೋರಿಗೆ ನೇಲ್ ಪಾಲಿಶ್ ಒಳ್ಳೇದು, ಗಟ್ಟಿಯಾಗಿ ಕೂರುತ್ತೆ, ಒಣಗಿದ ಮೇಲೆ ಸೂಜಿಯಿಂದ ಗೀಚಿ ಗೆರೆ ತೆಗೀಬಹುದು. ರಂಗೋಲಿ ಕೈ ಇರೋರು ಇದನ್ನೇ ಮಾಡಿ, ಸೂಜಿ ಗೆರೆಗೆ ಬರೋ ಜೀವ ಪ್ರಿಂಟರ್‌ಗೆ ಬರಲ್ಲ. ನಮ್ಮಮ್ಮ ಹೀಗೆ ಗೀಚಿದ ಏಳು ಚುಕ್ಕಿ ರಂಗೋಲಿಯ ತಾಮ್ರದ ತಟ್ಟೆ ದೇವರ ಮನೇಲಿದೆ, ಇದುವರೆಗೆ ನಾನು ಮಾಡಿದ್ದರಲ್ಲಿ ಅಷ್ಟು ಚೆಂದದ್ದು ಒಂದೂ ಇಲ್ಲ. ಪರ್ಮನೆಂಟ್ ಮಾರ್ಕರ್ ಹತ್ತು ಹದಿನೈದು ನಿಮಿಷದ ಕೆಲಸಕ್ಕೆ ತಡೆಯುತ್ತೆ, ಅದಕ್ಕಿಂತ ಜಾಸ್ತಿ ನಂಬೋಕಾಗಲ್ಲ.

ಕಂಪ್ಯೂಟರಿನ ಡಿಸೈನ್ ಆದ್ರೆ ಎರಡು ದಾರಿ. ಒಂದು, ಲೇಸರ್ ಪ್ರಿಂಟರ್‌ನಲ್ಲಿ ಹೊಳಪಿನ ಕಾಗದಕ್ಕೆ ಪ್ರಿಂಟ್ ತೆಗೆದು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಟೋನರ್ ತಗಡಿಗೆ ಇಳಿಸೋದು, ಆಮೇಲೆ ನೀರಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆಯೋದು. ಇಂಕ್‌ಜೆಟ್ ಪ್ರಿಂಟ್ ಆಗಲ್ಲ, ಅದರಲ್ಲಿ ಟೋನರ್ ಇಲ್ಲ. ಅಕ್ಷರ ಇದ್ರೆ ಕನ್ನಡಿ ಪ್ರತಿ ತೆಗೀಬೇಕು, ಇಲ್ದಿದ್ರೆ ತಗಡಿನ ಮೇಲೆ ಉಲ್ಟಾ ಬರುತ್ತೆ. ಇನ್ನೊಂದು, ಬೈಕಿಗೆ ರೇಡಿಯಂ ಸ್ಟಿಕ್ಕರ್ ಕಟ್ ಮಾಡೋ ಅಂಗಡೀಲಿ ನಿಮ್ಮ ಡಿಸೈನ್ ಕೊಟ್ಟು ವಿನೈಲ್ ಕಟ್ ಮಾಡಿಸೋದು, ಇದಕ್ಕೆ ಕನ್ನಡಿ ಪ್ರತಿ ಬೇಡ. ಮನೆ ಹೆಸರಿನ ಬೋರ್ಡಿಗೆ ನಾನು ಕಣ್ಮುಚ್ಚಿ ವಿನೈಲ್ ಅಂತೀನಿ, ಎಷ್ಟು ಹೊತ್ತು ಮುಳುಗಿಸಿದ್ರೂ ತಡೆಯುತ್ತೆ, ಅಂಚು ಕತ್ತರಿಸಿದ ಹಾಗೆ ಬರುತ್ತೆ. ಆದ್ರೆ ನಮ್ಮ ಲಿಪಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಕನ್ನಡ ಅಕ್ಷರದಲ್ಲಿ ಸುತ್ತು ಜಾಸ್ತಿ, 'ಠ' 'ರ' ಒಳಗಿನ ಬಟ್ಟು ವಿನೈಲ್ ತೆಗೆಯುವಾಗ ಜೊತೆಗೇ ಎದ್ದು ಬರುತ್ತೆ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟ್ಕೊಂಡಿರುತ್ತೆ. ದ್ರಾವಣ ಕೆಳಗೆ ಮಾತ್ರ ತಿನ್ನಲ್ಲ, ಪಕ್ಕಕ್ಕೂ ತಿನ್ನುತ್ತೆ, ಹಾಗಾಗಿ ಎರಡು ಸುತ್ತಿನ ನಡುವೆ ಕೂದಲೆಳೆ ಜಾಗ ಇದ್ರೆ ಅದು ಕರಗಿ ಎರಡೂ ಒಂದಾಗುತ್ತೆ. ನಾನು ಕಟ್ ಮಾಡಿಸೋಕೆ ಮುಂಚೆ ಒತ್ತಕ್ಷರವನ್ನ ಒಂದು ಮಿ.ಮೀ. ಕೆಳಗೆ ಸರಿಸ್ತೀನಿ, ಗೆರೆ ಯಾವುದೂ ಅರ್ಧ ಮಿ.ಮೀ.ಗಿಂತ ಸಣ್ಣ ಇರದ ಹಾಗೆ ನೋಡ್ಕೋತೀನಿ.

ಅಕ್ಷರ ತಗ್ಗಿನಲ್ಲಿರಬೇಕಾ ಉಬ್ಬಿರಬೇಕಾ ಅಂತಾನೂ ಮೊದಲೇ ತೀರ್ಮಾನ ಮಾಡಿ. ಉಬ್ಬು ನೋಡೋಕೆ ಚೆನ್ನ, ಆದ್ರೆ ಸುತ್ತಲಿನ ಜಾಗವೆಲ್ಲ ತಿನ್ನಿಸಬೇಕು, ದ್ರಾವಣ ಜಾಸ್ತಿ, ಅಡಿ ಏರುಪೇರು. ಮೊದಲ ಕೆಲಸಕ್ಕೆ ತಗ್ಗು ಅಕ್ಷರವೇ ಇರಲಿ.

ಮುಗಿದ ಮೇಲೆ ಉಳಿಯೋ ನೀರು

ಇದನ್ನೂ ಆಯ್ಕೆಯ ಭಾಗ ಅಂತಾನೇ ನೋಡಿ. ಮೈಲುತುತ್ತ ಉಪ್ಪು, ಫೆರಿಕ್, ಕರೆಂಟು, ಈ ಮೂರು ದಾರಿಯಲ್ಲೂ ಉಳಿಯೋ ನೀರಲ್ಲಿ ತಾಮ್ರ ಇರುತ್ತೆ, ತಾಮ್ರ ಮೀನಿಗೆ ಕಪ್ಪೆಗೆ ವಿಷ, ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಚರಂಡಿಗೆ, ಬಾವಿ ಹತ್ತಿರ, ಗಿಡದ ಬುಡಕ್ಕೆ ಎಲ್ಲೂ ಸುರಿಯಬೇಡಿ. ಕರೆಂಟಿನ ವಿಧಾನದಲ್ಲಿ ಆ ನೀರನ್ನ ಬಾಟಲಿಗೆ ತುಂಬಿಟ್ಟು ಮತ್ತೆ ಬಳಸೋದ್ರಿಂದ ಈ ತಲೆನೋವೇ ಕಡಿಮೆ, ನಾನು ತಾಮ್ರಕ್ಕೆ ಅದನ್ನ ಮುಂದಿಡೋಕೆ ಅರ್ಧ ಕಾರಣ ಇದೇ. ಮೈಲುತುತ್ತ ಉಪ್ಪಿನ ನೀರಿಗೆ ಸ್ಟೀಲ್ ಉಲ್ಲನ್ ಸ್ವಲ್ಪ ಹಾಕಿ ಒಂದು ದಿನ ಬಿಡಿ, ಉಳಿದ ತಾಮ್ರ ಅದರ ಮೇಲೆ ಕೂತು ತಳಕ್ಕಿಳಿಯುತ್ತೆ. ಫೆರಿಕ್‌ಗೆ ಅಡುಗೆ ಸೋಡಾ, ಸ್ವಲ್ಪ ಸ್ವಲ್ಪವಾಗಿ, ದೊಡ್ಡ ಬಕೆಟ್‌ನಲ್ಲಿ, ಯಾಕಂದ್ರೆ ಜೋರಾಗಿ ಉಕ್ಕುತ್ತೆ, ಉಕ್ಕೋದು ನಿಂತ ಮೇಲೆ ಕೆಸರು ತಳಕ್ಕೆ ಕೂರುತ್ತೆ. ಕೆಸರನ್ನ ಬಟ್ಟೇಲಿ ಸೋಸಿ ಒಣಗಿಸಿ ಡಬ್ಬೀಲಿ ಹಾಕಿ, ಮೇಲೆ ಏನು ಅಂತ ಬರೆದು, ಅಪಾಯಕಾರಿ ಕಸ ಅಂತ ಬೇರೆಯಾಗಿ ಕೊಡಿ. ಬಚ್ಚಲು ತೊಳೆಯೋ ಬ್ಲೀಚ್ ಮಾತ್ರ ಇವುಗಳ ಹತ್ತಿರ ತರಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ.

ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಪಕ್ಕವೂ ಮುಚ್ಚೋ ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ನೀರು. ಅಡುಗೆಮನೆ ಪಾತ್ರೆ ಇದಕ್ಕೆ ತಂದ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಮೈಲುತುತ್ತದ ನೀಲಿ ಹರಳು ಕಲ್ಲುಸಕ್ಕರೆ ತರಹ ಕಾಣುತ್ತೆ, ಮಕ್ಕಳಿರೋ ಮನೆ ಆದ್ರೆ ಬೀಗ ಹಾಕಿ ಇಡಿ.

ಮಾಸ್ಕ್ ತೆಗೆದ ಮೇಲೆ ಅಲ್ಯೂಮಿನಿಯಂ ಆದ್ರೆ ತಗ್ಗಿಗೆ ಕಪ್ಪು ಎನಾಮಲ್ ಪೇಂಟ್ ತುಂಬಿ, ಅರ್ಧ ಒಣಗಿದಾಗ ಮೇಲ್ಭಾಗ ಒರೆಸಿಬಿಡಿ. ತಾಮ್ರಕ್ಕೆ ಪೇಂಟ್ ಬೇಡ. ಬೇಯಿಸಿದ ಮೊಟ್ಟೆ ಒಂದನ್ನ ಬಿಸಿಯಿರುವಾಗಲೇ ಕಿವುಚಿ, ಮುಚ್ಚಳದ ಡಬ್ಬೀಲಿ ತಗಡಿನ ಜೊತೆ ತಾಗದ ಹಾಗೆ ಇಡಿ, ಅದರಿಂದ ಬರೋ ಗಂಧಕದ ಗ್ಯಾಸ್‌ಗೆ ಕೆಲವೇ ಗಂಟೇಲಿ ತಾಮ್ರ ಕಂದಾಗಿ ಆಮೇಲೆ ಕಪ್ಪಾಗುತ್ತೆ. ಮೇಲಿನ ಕಪ್ಪನ್ನ ನುಣುಪು ಪೇಪರ್‌ನಲ್ಲಿ ಉಜ್ಜಿ ತೆಗೆದ್ರೆ ಗೆರೆಯೊಳಗಿನ ಕಪ್ಪು ಹಾಗೇ ನಿಲ್ಲುತ್ತೆ. ಅದರ ಮೇಲೆ ತೆಳ್ಳಗೆ ಒಂದು ಕೋಟ್ ಲ್ಯಾಕರ್ ಹೊಡೀರಿ.